ಮನೆಯಲ್ಲಿ ಗಾಡಿ ಓಡಿಸದವರು ಯಾರು?

(ಬೆಂಗಳೂರಿನ ಒಂದು ಕುಟುಂಬ ಪುಣೆಗೆ ಹೊರಟಿದೆ. ಕೆಲಸ ಸಿಕ್ಕಿರುವುದು ಮನೆಯೊಡತಿಗೆ, ಹಿಂಜವಡಿಯ ಐಟಿ ಪಾರ್ಕಿನಲ್ಲಿ. ಗಂಡನಿಗೆ ಮನೆಯಿಂದಲೇ ಕೆಲಸ. ಜೊತೆಗೆ ಎಂಟನೆಯ ತರಗತಿ ಮುಗಿಸುತ್ತಿರುವ ಮಗಳು, ಎಪ್ಪತ್ತು ದಾಟಿದ ಅತ್ತೆ. ಇಲ್ಲಿ ಮಾತಾಡುತ್ತಿರುವವರು ಆಕೆ ಮತ್ತು ಬ್ಯಾಂಕಿನ ನೌಕರಿಗೆಂದು ಹೋಗಿ ಪುಣೆಯಲ್ಲೇ ನೆಲೆಸಿದ ಆಕೆಯ ಸೋದರಮಾವ.)

ಆಕೆ: ಮಾವ, ಪುಣೆಯಲ್ಲಿ ಸಂಸಾರಸ್ಥರಿಗೆ ಒಳ್ಳೆ ಏರಿಯಾ ಯಾವುದು? ಒಂದು ಹೆಸರು ಹೇಳಿ ಸಾಕು. ಆಫೀಸಿನವರನ್ನ ಕೇಳಿದ್ರೆ ಒಬ್ಬರು ಬಾಣೇರ್ ಅಂತಾರೆ, ಒಬ್ಬರು ವಾಕಡ್ ಅಂತಾರೆ, ಇನ್ನೊಬ್ಬರು ಖರಾಡಿ ಬಿಟ್ಟರೆ ಪುಣೆಯೇ ಇಲ್ಲ ಅನ್ನೋ ಹಾಗೆ ಮಾತಾಡ್ತಾರೆ.

ಮಾವ: ಖರಾಡಿ ಹೇಳಿದವರು ಆಫೀಸಿಗೆ ದಿನಾ ಹೋಗ್ತಾರಾ?

ಆಕೆ: ಇಲ್ಲ, ಪೂರ್ತಿ ಮನೆಯಿಂದಲೇ ಕೆಲಸ.

ಮಾವ: ಅದಕ್ಕೇ ಹೇಳಿದ್ದಾರೆ. ಖರಾಡಿ ಊರಿನ ಪೂರ್ವದ ತುದಿ, ಹಿಂಜವಡಿ ಪಶ್ಚಿಮದ ತುದಿ. ನಡುವೆ ಇಡೀ ಪುಣೆ ಮಲಗಿದೆ. ಯಾರೇ ಏರಿಯಾ ಹೊಗಳಲಿ, ಅವರು ಹೊಗಳ್ತಿರೋದು ತಮ್ಮ ದಿನಚರಿಯನ್ನ. ನಿನ್ನ ದಿನಚರಿ ಅವರಿಗೆ ಗೊತ್ತಿಲ್ಲ. ಹೆಸರು ಆಮೇಲೆ ಹೇಳ್ತೀನಿ, ಮೊದಲು ನೀನು ಹೇಳು: ನಿಮ್ಮ ಮನೆಯಲ್ಲಿ ಗಾಡಿ ಓಡಿಸದವರು ಯಾರ್ಯಾರು?

ಆಕೆ: ಅತ್ತೆ, ಮಗಳು. ಯಾಕೆ?

ಮಾವ: ಅವರಿಬ್ಬರ ದಿನ ಹೇಗಿರುತ್ತೆ ಅಂತ ಒಂದು ಹಾಳೆಯ ಮೇಲೆ ಬರಿ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ. ನೀನು ಎಲ್ಲಿದ್ದರೂ ಕಾರು ತೆಗೀತೀಯ, ಇಲ್ಲ ಕ್ಯಾಬ್ ಕರೀತೀಯ. ಅಳಿಯಂದ್ರು ಲ್ಯಾಪ್‌ಟಾಪ್ ಬಿಚ್ಚಿದ ಕಡೆ ಅವರ ಆಫೀಸು. ಬೀಗಿತ್ತಿಯವರಿಗೆ ಮಾತ್ರ ಕಾಲಿಗೆ ಎಟುಕಿದಷ್ಟೇ ಊರು. ಅದರಾಚೆಗಿನ ಪುಣೆ ಎಷ್ಟು ಚೆನ್ನಾಗಿದ್ದರೂ ಅವರ ಪಾಲಿಗೆ ಇಲ್ಲ.

ಆಕೆ: ಅತ್ತೆಗೆ ಇಲ್ಲಿ ಎಲ್ಲಾ ಹತ್ತಿರ. ಬೆಳಗ್ಗೆ ಪಾರ್ಕಿಗೆ ಎರಡು ಸುತ್ತು, ಬರುವಾಗ ಸೊಪ್ಪು. ಸಂಜೆ ರಾಯರ ಮಠ. ಮೂಲೆಯ ಔಷಧಿ ಅಂಗಡಿಯವನಿಗೆ ಇವರ ಬಿಪಿ ಮಾತ್ರೆ ಬಾಯಿಪಾಠ. ಹಿಂದಿ ಅರ್ಥ ಆಗುತ್ತೆ, ಸೀರಿಯಲ್ ನೋಡಿ ನೋಡಿ. ಮಾತಾಡೋಕೆ ಸಂಕೋಚ.

ಮಾವ: ಹಾಗಿದ್ರೆ ಕೋಥ್ರೂಡ್ ನೋಡು. ನಾನಿರೋ ಕಡೆ ಅಂತ ಹೇಳ್ತಿಲ್ಲ. ಹಳೇ ಬಡಾವಣೆ, ಮರ ಇದೆ, ಬಾಗಿಲಲ್ಲೇ ತರಕಾರಿ, ಕಾಲ್ನಡಿಗೆಯಲ್ಲಿ ದೇವಸ್ಥಾನ, ದವಾಖಾನೆ. ವನಾಜ್‌ನಿಂದ ರಾಮವಾಡಿಯವರೆಗೆ ಮೆಟ್ರೋ ಓಡ್ತಿದೆ. ಪಕ್ಕದ ಗಣೇಶನಗರದಲ್ಲಿ ಕನ್ನಡ ಸಂಘದ ಶಾಲೆ ಇದೆ, ಪುಣೆಯಲ್ಲಿ ಇಷ್ಟು ವರ್ಷವಾದರೂ ಕನ್ನಡ ಮಾಧ್ಯಮ ಉಳಿಸಿಕೊಂಡಿರೋ ಶಾಲೆ. ಕಾರ್ಯಕ್ರಮ ಇದ್ದೇ ಇರುತ್ತೆ. ಬೀಗಿತ್ತಿಯವರು ಹಾಡು ಕೇಳೋರು ತಾನೆ? ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಮಹೋತ್ಸವಕ್ಕೆ ಕರ್ಕೊಂಡು ಹೋಗ್ತೀನಿ. ಕುಂದಗೋಳದ ಗುರುವಿನ ಹೆಸರಲ್ಲಿ ಗದಗಿನ ಶಿಷ್ಯ ಭೀಮಸೇನ ಜೋಶಿ 1953ರಲ್ಲಿ ಶುರು ಮಾಡಿದ ಉತ್ಸವ ಅದು. ಪುಣೆಯವರು ಅದನ್ನ ತಮ್ಮದೇ ಅಂತಾರೆ, ನಾವೂ ನಮ್ಮದೇ ಅಂತೀವಿ.

ಆಕೆ: ಅದೆಲ್ಲ ಸರಿ. ಕೋಥ್ರೂಡಿಂದ ಹಿಂಜವಡಿಗೆ ನಾನು ಹೋಗೋದು ಹೇಗೆ?

ಮಾವ: ಚಾಂದನಿ ಚೌಕಕ್ಕೆ ಬಂದು ಹೆದ್ದಾರಿ ಹಿಡೀಬೇಕು. ಮೊದಲು ಆ ಚೌಕವೇ ಒಂದು ಶಾಪ ಆಗಿತ್ತು. 2022ರ ಅಕ್ಟೋಬರಿನಲ್ಲಿ ಹಳೇ ಸೇತುವೆಯನ್ನ ಸಿಡಿಮದ್ದಿಟ್ಟು ಉರುಳಿಸಿದ್ರು, ಮರುವರ್ಷ ಹೊಸ ಮೇಲ್ಸೇತುವೆ ಬಂತು. ಈಗ ಪರವಾಗಿಲ್ಲ. ಹೊತ್ತು ನೋಡಿ ಹೊರಟರೆ ಮುಕ್ಕಾಲು ಗಂಟೆ. ಹೊತ್ತು ತಪ್ಪಿದರೆ ಒಂದೂವರೆ ಗಂಟೆ. ದುಡಿಯೋರು ಅಷ್ಟು ಸಹಿಸಿಕೊಳ್ಳಲೇಬೇಕಮ್ಮ. ಮನೆಯಲ್ಲಿರೋರು ನೆಮ್ಮದಿಯಾಗಿದ್ರೆ ದಾರಿಯ ಸುಸ್ತು ಲೆಕ್ಕಕ್ಕೆ ಬರಲ್ಲ.

ಆಕೆ: ಮಾವ, ಈ ಲೆಕ್ಕ ಯಾರು ಹಾಕಿದ್ದು ಗೊತ್ತಾ? ದುಡಿಯೋ ಗಂಡಸು ಸುಸ್ತಾಗಿ ಬಂದು ಕೂತರೆ ಕಾಫಿ ಕೈಗೆ ಬರುತ್ತಿದ್ದ ಕಾಲದವರು. ನಾನು ಎಂಟು ಗಂಟೆಗೆ ಮನೆ ಸೇರಿದರೆ ಕುಕ್ಕರ್ ಇಡೋದೂ ನಾನೇ, ಮಗಳ ಗಣಿತ ನೋಡೋದೂ ನಾನೇ. ರಸ್ತೆಯಲ್ಲಿ ಹೋದ ಮೂರು ಗಂಟೆ ನನ್ನೊಬ್ಬಳದ್ದಲ್ಲ. ಅತ್ತೆಯ ನಡಿಗೆ ಎಷ್ಟು ಮುಖ್ಯವೋ ನನ್ನ ಸಂಜೆಯೂ ಅಷ್ಟೇ ಮುಖ್ಯ. ನಿಮ್ಮ ಹಾಳೆಯ ಮೇಲೆ ಅದನ್ನೂ ಬರೀಬೇಕು.

ಮಾವ: ಬರಿ. ಅದರ ಕೆಳಗೆ ಅಳಿಯಂದ್ರ ಸಂಜೆಯನ್ನೂ ಬರಿ. ಮನೆಯಲ್ಲೇ ಇರೋ ಮನುಷ್ಯ ಕುಕ್ಕರ್ ಇಟ್ಟರೆ ಕಂಪನಿ ಮುಳುಗಲ್ಲ.

ಆಕೆ: ಅದನ್ನ ನೀವೇ ಹೇಳಿ ಅವರಿಗೆ. ನಿಮ್ಮ ಮಾತು ಅಂದ್ರೆ ವೇದವಾಕ್ಯ.

ಮಾವ: ಹೇಳ್ತೀನಿ ಬಿಡು. ವಾರಕ್ಕೆ ಎಷ್ಟು ದಿನ ಆಫೀಸು?

ಆಕೆ: ಈಗ ಮೂರು ದಿನ. ಮುಂದೆ ಐದಾದರೆ ಆಶ್ಚರ್ಯ ಇಲ್ಲ. ಅದಕ್ಕೇ ನಾನು ವಾಕಡ್ ಅಂದುಕೊಂಡಿದ್ದೆ. ನಕ್ಷೆಯಲ್ಲಿ ಆಫೀಸಿಗೆ ಬಹಳ ಹತ್ತಿರ.

ಮಾವ: ನಕ್ಷೆಯಲ್ಲಿ ಹೌದು. ನೀವು ಬೆಂಗಳೂರಿಂದ ತುಮಕೂರು, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಬರ್ತೀರಲ್ಲ, ಅದೇ ಹೆದ್ದಾರಿ ವಾಕಡ್‌ಗೂ ಹಿಂಜವಡಿಗೂ ಮಧ್ಯೆ ಹಾದು ಮುಂಬೈ ಕಡೆ ಹೋಗುತ್ತೆ. ಒಂದು ಕಡೆ ಮನೆಗಳು, ಇನ್ನೊಂದು ಕಡೆ ಆಫೀಸುಗಳು. ಅಷ್ಟು ಜನ ದಾಟೋಕೆ ಇರೋದು ವಾಕಡ್ ಸೇತುವೆ, ಭೂಮ್ಕರ್ ಚೌಕದಂಥ ಬೆರಳೆಣಿಕೆಯ ಕಂಡಿಗಳು. ಬೆಳಗ್ಗೆ ಒಂಬತ್ತಕ್ಕೆ ಹೋದರೆ ಕೊನೆಯ ಎರಡು ಕಿಲೋಮೀಟರೇ ಅರ್ಧ ದಾರಿಯಷ್ಟು ಹೊತ್ತು ತಿನ್ನುತ್ತೆ. ಆದ್ದರಿಂದ ದೂರ ಅಳೀಬೇಡ. ಮನೆಗೂ ಆಫೀಸಿಗೂ ನಡುವೆ ಇಂಥ ಕಂಡಿ ಎಷ್ಟಿವೆ ಅಂತ ಎಣಿಸು.

ಆಕೆ: ಹಾಗಾದ್ರೆ ಹೆದ್ದಾರಿ ದಾಟಿ ಹಿಂಜವಡಿಯಲ್ಲೇ ಮನೆ ಮಾಡಿದ್ರೆ? ಮಾಣ್, ಮಾರುಂಜಿ ಕಡೆ ದೊಡ್ಡ ದೊಡ್ಡ ಟೌನ್‌ಶಿಪ್ ಇವೆ. ಈಜುಕೊಳ, ಕ್ಲಬ್‌ಹೌಸು, ಬಾಡಿಗೆಯೂ ಕಡಿಮೆ.

ಮಾವ: ಗೇಟಿನ ಒಳಗೆ ಸ್ವರ್ಗ. ಗೇಟಿನಿಂದ ಹೊರಗೆ ಬೀಗಿತ್ತಿಯವರು ಎಲ್ಲಿಗೆ ನಡೀತಾರೆ? ಅಲ್ಲಿ ಐಟಿ ಪಾರ್ಕು ಕೈಗಾರಿಕಾ ನಿಗಮದ್ದು, ಸುತ್ತಲಿನ ಊರು ಬೆಳೆದದ್ದು ಗ್ರಾಮ ಪಂಚಾಯಿತಿಗಳ ಕೈಕೆಳಗೆ. ಇಪ್ಪತ್ತು ಮಹಡಿಯ ಕಟ್ಟಡ ಎದ್ದಷ್ಟು ಬೇಗ ನೀರಿನ ಕೊಳವೆ, ಒಳಚರಂಡಿ, ಫುಟ್‌ಪಾತು ಏಳಲಿಲ್ಲ. ಪಾಲಿಕೆಗೆ ಸೇರಿಸಿ ಅಂತ ಜನ ವರ್ಷಗಟ್ಟಲೆ ಕೇಳ್ತಾ ಬಂದದ್ದು ಅದಕ್ಕೇ. ಈಜುಕೊಳ ಇದೆ ಅಂದ್ಯಲ್ಲ, ಅದಕ್ಕೆ ನೀರು ಎಲ್ಲಿಂದ ಬರುತ್ತೆ ಕೇಳಿದ್ಯಾ?

ಆಕೆ: ಟ್ಯಾಂಕರಾ?

ಮಾವ: ಬಹುಪಾಲು. ಇದೊಂದು ಸಂಗತಿ ಬಾಡಿಗೆ ಮನೆ ಹುಡುಕೋರು ಯಾರೂ ಕೇಳಲ್ಲ, ಬ್ರೋಕರು ಹೇಳಲ್ಲ. ಮನೆ ನೋಡೋಕೆ ಹೋದಾಗ ಅಡುಗೆಮನೆಯ ಟೈಲ್ಸ್ ಆಮೇಲೆ ನೋಡು. ಓನರ್ ಹತ್ತಿರ ಸೊಸೈಟಿಯ ಮೂರು ತಿಂಗಳ ಮೆಂಟೆನೆನ್ಸ್ ಬಿಲ್ ಕೇಳು: ಒಂದು ಜನವರಿಯದ್ದು, ಒಂದು ಮೇ ತಿಂಗಳದ್ದು, ಒಂದು ಆಗಸ್ಟಿನದ್ದು. ನೀರಿನ ಬಾಬತ್ತು ಬೇರೆ ಸಾಲಿನಲ್ಲಿ ಇರುತ್ತೆ. ಮೇ ತಿಂಗಳಲ್ಲಿ ಆ ಸಾಲು ಎರಡು ಮೂರು ಪಟ್ಟಾಗಿದ್ರೆ ಸೊಸೈಟಿ ಟ್ಯಾಂಕರಿನ ಮೇಲೆ ಬದುಕ್ತಿದೆ ಅಂತ ಅರ್ಥ. ಬಿಲ್ ಕೊಡಲಿಲ್ಲ ಅಂದ್ರೆ ಕೆಳಗೆ ಬಾ, ನೋಟಿಸ್ ಬೋರ್ಡ್ ಓದು. ಮರಾಠಿ ಬರದಿದ್ರೂ ಲಿಪಿ ದೇವನಾಗರಿಯೇ, ‘ಪಾಣಿ’ ಅಂತ ಎಷ್ಟು ಚೀಟಿಯಲ್ಲಿದೆ ಅಂತ ನೋಡಿದ್ರೆ ಸಾಕು. ಅದೂ ಆಗದಿದ್ರೆ ವಾಚ್‌ಮನ್‌ನ ಕೇಳು, ಗೇಟು ತೆಗೆಯೋನು ಅವನೇ, ಟ್ಯಾಂಕರ್ ಲೆಕ್ಕ ಅವನ ರಿಜಿಸ್ಟರಿನಲ್ಲೇ ಇರುತ್ತೆ.

ಆಕೆ: ನೀರಿನ ವಿಷಯದಲ್ಲಿ ವಾಕಡ್ ಹೇಗೆ?

ಮಾವ: ಅದು ಇನ್ನೊಂದು ಕತೆ. ನಾವು ಪುಣೆ ಅನ್ನೋದು ಎರಡು ಮಹಾನಗರ ಪಾಲಿಕೆಗಳನ್ನ. ಮುಳಾ ನದಿಯ ಈಚೆ ಔಂಧ್, ಬಾಣೇರ್, ಬಾಲೇವಾಡಿ ಪುಣೆ ಪಾಲಿಕೆಗೆ ಸೇರಿದವು. ಆಚೆ ವಾಕಡ್, ಪಿಂಪ್ಳೆ ಸೌದಾಗರ್ ಪಿಂಪ್ರಿ-ಚಿಂಚ್ವಡ್ ಪಾಲಿಕೆಗೆ. ನದಿಯ ಯಾವ ದಡದಲ್ಲಿ ಮನೆ ಮಾಡಿದೆ ಅನ್ನೋದರ ಮೇಲೆ ಯಾವ ಅಣೆಕಟ್ಟಿನ ನೀರು ಕುಡೀತೀಯ ಅಂತ ತೀರ್ಮಾನ ಆಗುತ್ತೆ. ಈಚೆಯವರಿಗೆ ಖಡಕ್‌ವಾಸ್ಲಾ, ಪಾನ್‌ಶೇತ್, ವರಸಗಾವ್, ಟೇಮ್‌ಘರ್ ಸಾಲು. ಆಚೆಯವರಿಗೆ ಮುಖ್ಯವಾಗಿ ಪವನಾ. ಪಿಂಪ್ರಿ-ಚಿಂಚ್ವಡ್‌ನವರು 2019ರ ನವೆಂಬರಿನಿಂದ ದಿನ ಬಿಟ್ಟು ದಿನ ನೀರು ಕೊಡೋ ಪದ್ಧತಿ ತಂದ್ರು. ರಸ್ತೆ ಮಾತ್ರ ಅವರದ್ದೇ ಅಗಲ. ಒಂದೊಂದು ಕಡೆ ಒಂದೊಂದು ಸುಖ.

ಆಕೆ: ಈಚೆ ದಡದ ಬಾಣೇರ್‌ಗೆ ದಿನಾ ಬರುತ್ತಾ?

ಮಾವ: ಕಾಗದದ ಮೇಲೆ ಬರಬೇಕು. ಆದ್ರೆ ಬಾಣೇರ್, ಬಾಲೇವಾಡಿ ಬೇಗ ಬೇಗ ಬೆಳೆದ ಜಾಗ, ಅಲ್ಲೂ ಟ್ಯಾಂಕರ್ ಓಡಾಡ್ತವೆ. ಪಾಲಿಕೆ ಅಂದ ಮಾತ್ರಕ್ಕೆ ನಂಬಬೇಡ, ಸೊಸೈಟಿ ಸೊಸೈಟಿಗೂ ಬೇರೆ. ಪಾಲಿಕೆಗೆ ಹೊಸದಾಗಿ ಸೇರಿದ ಹಳ್ಳಿಗಳ ಕತೆಯಂತೂ ಪೇಪರಿನಲ್ಲಿ ಓದಿರ್ತೀಯ. 2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಗಿಲಾನ್-ಬಾರೆ ಅಂತ ನರದ ಕಾಯಿಲೆ ಕಾಣಿಸಿಕೊಂಡಿತಲ್ಲ, ನಾಂದೇಡ್ ಗಾವ್, ಕಿರ್ಕಟ್‌ವಾಡಿ ಸುತ್ತಮುತ್ತ? ಆ ಹಳ್ಳಿಗಳು ಪಾಲಿಕೆಗೆ ಸೇರಿದ್ದು 2021ರಲ್ಲಿ. ಹೆಸರು ಮಹಾನಗರದ್ದಾಯ್ತು. ನೀರು ಬಾವಿಯದ್ದೇ, ಶುದ್ಧೀಕರಣ ಘಟಕ ಇಲ್ಲದೆ ಬರೀ ಕ್ಲೋರಿನ್ ಹಾಕಿ ಬಿಡ್ತಿದ್ರು. ಎಲ್ಲರ ಅನುಮಾನ ನೀರಿನ ಮೇಲೆ ಹೋಗಿದ್ದು ಅದಕ್ಕೇ.

ಆಕೆ: ಅಯ್ಯೋ, ಆ ಕಡೆ ಒಂದು ಫ್ಲಾಟು ನೋಡಿಟ್ಟಿದ್ದೆ ಮಾವ. ಬಾಲ್ಕನಿಯಿಂದ ನದಿ ಕಾಣುತ್ತೆ ಅಂತ ಹಾಕಿದ್ರು.

ಮಾವ: ನದಿ ಕಾಣುತ್ತೆ ಅಂದ್ರೆ ನದಿಗೂ ನೀನು ಕಾಣ್ತೀಯ. 2024ರ ಜುಲೈ 25ರಂದು ಖಡಕ್‌ವಾಸ್ಲಾದಿಂದ ನೀರು ಬಿಟ್ಟಾಗ ಸಿಂಹಗಡ ರಸ್ತೆಯ ಏಕತಾನಗರಿಯಲ್ಲಿ ನೆಲಮಹಡಿಯ ಮನೆಗಳೊಳಗೇ ನದಿ ಬಂತು. ಜನರನ್ನ ದೋಣಿಯಲ್ಲಿ ಸಾಗಿಸಿದ್ರು. ಮಹಾರಾಷ್ಟ್ರದಲ್ಲಿ ನದಿಗೆ ಎರಡು ಗೆರೆ ಎಳೆದಿರ್ತಾರೆ. ಇಪ್ಪತ್ತೈದು ವರ್ಷಕ್ಕೊಮ್ಮೆ ಬರೋ ಮಟ್ಟದ ಪ್ರವಾಹ ಎಲ್ಲಿಯವರೆಗೆ ಮುಟ್ಟುತ್ತೋ ಅದು ನೀಲಿ ಗೆರೆ, ನೂರು ವರ್ಷಕ್ಕೊಮ್ಮೆ ಬರೋದು ಎಲ್ಲಿಯವರೆಗೋ ಅದು ಕೆಂಪು ಗೆರೆ. ನೀಲಿ ಗೆರೆಯೊಳಗೆ ಕಟ್ಟೋ ಹಾಗೇ ಇಲ್ಲ. ನೀಲಿ-ಕೆಂಪಿನ ನಡುವೆ ಷರತ್ತಿನ ಮೇಲೆ. ಮುಳಾ, ಮುಠಾ, ಪವನಾ ಮೂರಕ್ಕೂ ಇವೆ. ಬರೀ ದೊಡ್ಡ ನದಿ ನೋಡಿದ್ರೂ ಸಾಲದು. 2019ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿಯ ಮಳೆಗೆ ಆಂಬಿಲ್ ಓಢಾ ಉಕ್ಕಿ ಹರಿದು ಪ್ರಾಣಗಳೇ ಹೋದವು. ಓಢಾ ಅಂದ್ರೆ ನಮ್ಮ ರಾಜಕಾಲುವೆಯಂಥದ್ದು. ಬೆಂಗಳೂರಿನವಳಿಗೆ ನಾನು ಅದನ್ನ ಬಿಡಿಸಿ ಹೇಳಬೇಕಿಲ್ಲ.

ಆಕೆ: ಬೇಕಿಲ್ಲ. ಸರಿ, ನೀರು ಬರೋದು, ನೀರು ನುಗ್ಗೋದು ಎರಡೂ ಬರೆದುಕೊಂಡೆ. ಈಗ ಮಗಳ ವಿಷಯ. ಸಿಬಿಎಸ್‌ಇ ಶಾಲೆ ಎಲ್ಲಾ ಕಡೆ ಇವೆ, ಅಲ್ವಾ? ಅದೇನು ತೊಂದರೆ ಆಗಲಾರದು.

ಮಾವ: ಶಾಲೆ ಇರೋದು ಬೇರೆ, ಒಂಬತ್ತನೇ ಕ್ಲಾಸಿನಲ್ಲಿ ಸೀಟು ಇರೋದು ಬೇರೆ. ಒಂದನೇ ತರಗತಿಗೆ ಹಾರ ಹಾಕಿ ಕರೀತಾರೆ, ಒಂಬತ್ತಕ್ಕೆ ಯಾರಾದ್ರೂ ಬಿಟ್ಟು ಹೋಗಿದ್ರೆ ಮಾತ್ರ ಜಾಗ. ಹತ್ತನೇ ಕ್ಲಾಸಿಗೆ ಬದಲಾಯಿಸೋದಂತೂ ಇನ್ನೂ ಕಷ್ಟ, ಒಂಬತ್ತು-ಹತ್ತು ಸೇರಿ ಒಂದೇ ಕೋರ್ಸ್ ಅಂತ ಲೆಕ್ಕ, ಬೋರ್ಡಿನ ಅನುಮತಿ ಬೇಕು. ಆದ್ದರಿಂದ ಬರೋದಾದ್ರೆ ಈ ವರ್ಷವೇ ಬರ್ಬೇಕು, ಬಂದ ಮೇಲೆ ಎರಡು ವರ್ಷ ಶಾಲೆ ಬದಲಾಯಿಸೋ ಹಾಗಿಲ್ಲ. ನಿನ್ನ ಮನೆ ಎಲ್ಲಿ ಅನ್ನೋದನ್ನ ಅರ್ಧ ತೀರ್ಮಾನ ಮಾಡೋದು ಆ ಸೀಟು.

ಆಕೆ: ಮರಾಠಿ ಕಡ್ಡಾಯ ಅಂತ ಕೇಳಿದೆ.

ಮಾವ: ಹೌದು, 2020ರ ಕಾಯ್ದೆ. ಯಾವ ಬೋರ್ಡಿನ ಶಾಲೆಯಾದ್ರೂ ಮರಾಠಿ ಕಲಿಸಲೇಬೇಕು. ಒಂದು ಮತ್ತು ಆರನೇ ತರಗತಿಯಿಂದ ಶುರು ಮಾಡಿ ಹಂತ ಹಂತವಾಗಿ ಮೇಲಕ್ಕೆ ತಂದ್ರು. ಬೇರೆ ರಾಜ್ಯದಿಂದ ನಡುವೆ ಬಂದ ಮಕ್ಕಳಿಗೆ ಹೇಗೆ ಕಲಿಸ್ತೀರಿ, ಪರೀಕ್ಷೆ ಹೇಗೆ, ವಿನಾಯಿತಿ ಇದೆಯಾ ಅಂತ ಶಾಲೆಯಲ್ಲಿ ಕೇಳು. ಉತ್ತರ ಹೇಳೋ ಧಾಟಿಯಲ್ಲೇ ಶಾಲೆಯ ಅಳತೆ ಸಿಗುತ್ತೆ. ‘ಅಡ್ಜಸ್ಟ್ ಆಗ್ತಾಳೆ ಮೇಡಂ’ ಅಂದ್ರೆ ಹುಷಾರು. ‘ನಮ್ಮಲ್ಲಿ ಇಂಥ ದಿನ ಬೇರೆ ಕ್ಲಾಸ್ ಇದೆ’ ಅಂದ್ರೆ ಸೇರಿಸು. ಮಕ್ಕಳಿಗೆ ಭಾಷೆ ಬರುತ್ತೆ. ಲಿಪಿ ಹಿಂದಿಯದ್ದೇ, ಪದಗಳಲ್ಲಿ ಅಣ್ಣ, ಅಕ್ಕ ಅಂತ ನಮ್ಮವೂ ಇಣುಕ್ತವೆ.

ಆಕೆ: ಇನ್ನೊಂದು ಹೆದರಿಕೆ ಇದೆ. ಮುಂದೆ ಇಂಜಿನಿಯರಿಂಗೋ ಮೆಡಿಕಲ್ಲೋ ಅಂದರೆ, ಇವಳು ಎಲ್ಲಿಯವಳು ಅಂತ ಆಗುತ್ತೆ?

ಮಾವ: ಒಳ್ಳೇ ಪ್ರಶ್ನೆ. ಏರಿಯಾ ಹುಡುಕೋದರಲ್ಲಿ ಮುಳುಗಿ ಜನ ಮರೆಯೋದು ಇದನ್ನೇ. ಕರ್ನಾಟಕದ ಸಿಇಟಿಗೆ ಸಾಮಾನ್ಯವಾಗಿ ಏನು ಕೇಳ್ತಾರೆ? ಒಂದನೇ ತರಗತಿಯಿಂದ ಎರಡನೇ ಪಿಯುವರೆಗೆ ಕನಿಷ್ಠ ಏಳು ವರ್ಷ ರಾಜ್ಯದಲ್ಲಿ ಓದಿರಬೇಕು, ಹತ್ತು ಅಥವಾ ಹನ್ನೆರಡು, ಎರಡರಲ್ಲಿ ಒಂದನ್ನ ಅಲ್ಲೇ ಪಾಸು ಮಾಡಿರಬೇಕು. ನಿನ್ನ ಮಗಳು ಒಂದರಿಂದ ಎಂಟು ಬೆಂಗಳೂರಿನಲ್ಲೇ ಓದಿದ್ದಾಳೆ. ಏಳು ವರ್ಷ ಆಗಲೇ ಗಂಟಲ್ಲಿದೆ. ಹತ್ತು ಇಲ್ಲಿ ಮುಗಿಸಿ ಪಿಯುಗೆ ಅಲ್ಲಿಗೆ ಹೋದ್ರೆ ಕರ್ನಾಟಕದ ಬಾಗಿಲು ತೆರೆದೇ ಇರುತ್ತೆ. ಹನ್ನೆರಡೂ ಇಲ್ಲೇ ಓದಿದ್ರೆ ಆ ಬಾಗಿಲು ಮುಚ್ಚುತ್ತೆ. ಇತ್ತ ಮಹಾರಾಷ್ಟ್ರದವರು ಹತ್ತು, ಹನ್ನೆರಡು ಎರಡೂ ಇಲ್ಲೇ ಆಗಿರಬೇಕು ಅಂತಾರೆ, ಅದರ ಮೇಲೆ ಡೊಮಿಸೈಲ್ ಕೇಳ್ತಾರೆ. ಡೊಮಿಸೈಲಿಗೆ ಹದಿನೈದು ವರ್ಷದ ವಾಸ. ಅಂದ್ರೆ ಎರಡು ರಾಜ್ಯಕ್ಕೂ ಬೇಡದವಳಾಗಿ ಅಖಿಲ ಭಾರತ ಕೋಟಾದಲ್ಲೋ ಖಾಸಗಿ ಸೀಟಿನಲ್ಲೋ ನಿಲ್ಲೋ ಪರಿಸ್ಥಿತಿ ಬರಬಹುದು. ನಿಯಮಕ್ಕೆ ಬೇರೆ ಬೇರೆ ಉಪನಿಯಮಗಳಿವೆ, ಆ ಹೊತ್ತಿಗೆ ಪರೀಕ್ಷಾ ಪ್ರಾಧಿಕಾರದ ಮಾಹಿತಿ ಪುಸ್ತಕ ಓದ್ಕೋ. ಆದ್ರೆ ಲೆಕ್ಕ ಈಗಲೇ ಹಾಕು.

ಆಕೆ: ಅಂದ್ರೆ ಎರಡು ವರ್ಷದ ನಂತರ ಮತ್ತೊಂದು ತೀರ್ಮಾನ ಕಾದಿದೆ ಅಂತಾಯ್ತು. ಅವಳು ಹತ್ತು ಮುಗಿಸೋವರೆಗೆ ಎಲ್ಲಿರಬೇಕು, ಅಷ್ಟೇ ಈಗಿನ ಪ್ರಶ್ನೆ. ಇಷ್ಟು ದಿನ ಜೀವಮಾನಕ್ಕೆ ಏರಿಯಾ ಹುಡುಕ್ತಿದ್ದೆ ನಾನು.

ಮಾವ: ಅದಕ್ಕೇ ಕೊಳ್ಳೋ ಮಾತು ಎತ್ತಬೇಡ ಅಂತ ನಾನು ಹೇಳೋದು.

ಆಕೆ: ಇವರು ಕೊಳ್ಳೋಣ ಅಂತಿದ್ದಾರೆ. ನನ್ನ ಹೆಸರಲ್ಲಿ ತೊಗೊಂಡ್ರೆ ಮುದ್ರಾಂಕ ಶುಲ್ಕ ಕಡಿಮೆಯಂತೆ.

ಮಾವ: ಹೌದು, ಹೆಂಗಸರ ಹೆಸರಲ್ಲಿ ಕೊಂಡರೆ ಶೇ 1 ರಿಯಾಯಿತಿ ಇದೆ. ಆ ಒಂದು ಉಳಿಸೋಕೆ ಹೋಗಿ ಮಿಕ್ಕದ್ದನ್ನ ಕಟ್ಟಿ ಗೊತ್ತಿಲ್ಲದ ಊರಲ್ಲಿ ಸಿಕ್ಕಿಹಾಕ್ಕೊಳ್ಳೋದು ಯಾಕೆ? ಬಾಡಿಗೆಗೆ ಬಾ. ಇಲ್ಲಿ ‘ಲೀವ್ ಅಂಡ್ ಲೈಸೆನ್ಸ್’ ಅಂತಾರೆ, ಹನ್ನೊಂದು ತಿಂಗಳ ಕರಾರು ರೂಢಿ. ಒಂದು ವ್ಯತ್ಯಾಸ ತಿಳ್ಕೋ. ನಮ್ಮ ಕಡೆ ಹನ್ನೊಂದು ತಿಂಗಳು ಅಂತ ಬರೆಯೋದೇ ನೋಂದಣಿ ತಪ್ಪಿಸೋಕೆ. ಇಲ್ಲಿ 1999ರ ಬಾಡಿಗೆ ನಿಯಂತ್ರಣ ಕಾಯ್ದೆ ಪ್ರಕಾರ ಎಷ್ಟು ತಿಂಗಳಾದ್ರೂ ನೋಂದಣಿ ಆಗಲೇಬೇಕು, ಅದು ಓನರ್ ಜವಾಬ್ದಾರಿ. ಆನ್‌ಲೈನಿನಲ್ಲೇ ಆಗುತ್ತೆ, ಬೆರಳಚ್ಚು ತೊಗೊಳ್ಳೋಕೆ ಏಜೆಂಟು ಮನೆಗೇ ಬರ್ತಾನೆ. ‘ನೋಟರಿ ಸಾಕು ಮೇಡಂ’ ಅಂದ ಓನರ್ ಮನೆ ಬಿಟ್ಟುಬಿಡು. ನೋಂದಾಯಿತ ಕರಾರು ಕೈಯಲ್ಲಿದ್ರೆ ಗ್ಯಾಸು, ಬ್ಯಾಂಕು, ಆಧಾರ್ ವಿಳಾಸ, ಶಾಲೆ ಎಲ್ಲಕ್ಕೂ ಅದೇ ಕಾಗದ. ಅಡ್ವಾನ್ಸು ಬೆಂಗಳೂರಿನ ಹತ್ತು ತಿಂಗಳಿನ ಹಾಗಲ್ಲ, ಎರಡು ಮೂರು ತಿಂಗಳಿನಷ್ಟು.

ಆಕೆ: ಅಬ್ಬ, ಒಂದಾದ್ರೂ ಖುಷಿ ಸುದ್ದಿ.

ಮಾವ: ಆ ದುಡ್ಡು ಕಾರಿಗೆ ಇಟ್ಕೋ. ಕೆಎ ನಂಬರಿನ ಗಾಡಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿ ಇರೋದಾದ್ರೆ ಎಂಎಚ್ ನಂಬರಿಗೆ ಬದಲಾಯಿಸಬೇಕು. ಅಲ್ಲಿಯ ಆರ್‌ಟಿಒ ಹತ್ತಿರ ಎನ್‌ಒಸಿ, ಇಲ್ಲಿ ಮತ್ತೆ ರಸ್ತೆ ತೆರಿಗೆ, ಅಲ್ಲಿಂದ ಉಳಿದ ತೆರಿಗೆ ವಾಪಸ್ಸಿಗೆ ಅರ್ಜಿ. ಕಂಪನಿಗೆ ನಾಲ್ಕಾರು ರಾಜ್ಯಗಳಲ್ಲಿ ಆಫೀಸಿದ್ರೆ ಎಲ್ಲ ರಾಜ್ಯದಲ್ಲೂ ನಡೆಯೋ ಬಿಎಚ್ ನಂಬರು ಸಿಗುತ್ತಾ ಅಂತ ಎಚ್‌ಆರ್‌ನವರನ್ನ ಕೇಳು. ಎರಡು ವರ್ಷಕ್ಕೆ ವಾಪಸ್ ಹೋಗೋ ಸಾಧ್ಯತೆ ಇರೋ ನಿನಗೆ ಅದು ಉಪಯೋಗ.

ಆಕೆ: ಸರಿ, ಈಗ ಹೆಸರು ಹೇಳಿ. ಕೋಥ್ರೂಡ್ ನನ್ನ ಸಂಜೆ ತಿನ್ನುತ್ತೆ. ಹಿಂಜವಡಿಯಲ್ಲಿ ಅತ್ತೆಗೆ ಜೈಲು. ವಾಕಡ್‌ನಲ್ಲಿ ದಿನ ಬಿಟ್ಟು ದಿನ ನೀರು, ಮೇಲೆ ಆ ಸೇತುವೆ. ಬಾಣೇರ್?

ಮಾವ: ಬಾಣೇರ್ ಹೆದ್ದಾರಿಗೆ ಹತ್ತಿರ, ಆಸ್ಪತ್ರೆ-ಶಾಲೆ ಇವೆ, ಬಾಡಿಗೆ ಮೇಲೆ. ಇಳಿಜಾರು ಜಾಸ್ತಿ. ಮುಖ್ಯ ರಸ್ತೆ ದಾಟೋಕೆ ಬೀಗಿತ್ತಿಯವರು ಬಹಳ ಹೊತ್ತು ನಿಲ್ಲಬೇಕು. ಮಾಣ್‌ನಿಂದ ಶಿವಾಜಿನಗರಕ್ಕೆ ಹಿಂಜವಡಿ, ಬಾಲೇವಾಡಿ, ಬಾಣೇರ್ ಮೇಲೆ ಹಾದು ಹೋಗೋ 23 ಕಿಲೋಮೀಟರಿನ ಮೆಟ್ರೋ ಮಾರ್ಗ ಇದೆಯಲ್ಲ, ಅದರ ಹೆಸರು ಹೇಳಿ ಬಾಡಿಗೆ ಏರಿಸಿದ್ದಾರೆ. ಕಾಮಗಾರಿ ಎಷ್ಟೋ ಗಡುವು ದಾಟ್ತು. ಮೆಟ್ರೋ ನೋಡಿ ಮನೆ ಹಿಡಿಯೋದಾದ್ರೆ ನಿಲ್ದಾಣಕ್ಕೆ ಹೋಗಿ ಟಿಕೆಟ್ ತೊಗೊಂಡು ಬಂದ ಮೇಲೆ ಹಿಡಿ. ಬ್ರೋಕರಿನ ‘ಮುಂದಿನ ದಸರಾಕ್ಕೆ’ ಅನ್ನೋ ಮಾತಿಗೆ ಬಾಡಿಗೆ ಕಟ್ಟಬೇಡ.

ಆಕೆ: ಔಂಧ್ ಬಗ್ಗೆ ನೀವು ಏನೂ ಹೇಳಲಿಲ್ಲ.

ಮಾವ: ಬಾಯಿಗೆ ಬರಲಿಲ್ಲ, ಯಾಕಂದ್ರೆ ಅದಕ್ಕೆ ಜಾಹೀರಾತಿಲ್ಲ. ಕಟ್ಟಡಗಳು ಹಳೇವು, ಈಜುಕೊಳ ಇಲ್ಲ, ಕೆಲವು ಕಡೆ ಲಿಫ್ಟಿಗೆ ಕೈಯಲ್ಲಿ ಎಳೆಯೋ ಬಾಗಿಲು. ಆದ್ರೆ ಮರ ಇದೆ. ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮೊದಲು ಕೈಗೆತ್ತಿಕೊಂಡಿದ್ದು ಔಂಧ್-ಬಾಣೇರ್-ಬಾಲೇವಾಡಿ ಭಾಗವನ್ನ. ಔಂಧ್‌ನ ಡಿಪಿ ರಸ್ತೆಯಲ್ಲಿ ಗಾಡಿಗಳ ಜಾಗ ಕಿತ್ತು ಫುಟ್‌ಪಾತ್ ಅಗಲ ಮಾಡಿದ್ರು, ಕೂರೋಕೆ ಬೆಂಚು ಹಾಕಿದ್ರು. ಅಂಗಡಿಯವರು ಗಲಾಟೆ ಮಾಡಿದ್ರು, ಪಾರ್ಕಿಂಗ್ ಹೋಯ್ತು ಅಂತ. ಹೋದದ್ದು ಹೌದು. ಆದ್ರೆ ಮುದುಕರು ನೆಲ ನೋಡದೆ ನಡೆಯೋ ರಸ್ತೆ ನಮ್ಮ ದೇಶದಲ್ಲಿ ಎಷ್ಟಿವೆ ಹೇಳು? ಕೋಥ್ರೂಡಿನಿಂದ ಹೋಗೋದಕ್ಕಿಂತ ಔಂಧ್‌ನಿಂದ ನಿನಗೆ ಹಿಂಜವಡಿ ಹತ್ತಿರ. ಕಂಡಿ ದಾಟೋದು ತಪ್ಪಲ್ಲ. ಬೆಳಗ್ಗೆ ಏಳೂವರೆಗೆ ಹೊರಟು ನಾಲ್ಕೂವರೆಗೆ ವಾಪಸ್ ಹೊರಡೋ ಅನುಮತಿ ಸಿಕ್ಕಿದ್ರೆ ದಾರಿ ಅರ್ಧ ಆಗುತ್ತೆ. ಬಾಡಿಗೆ ಮಾತಾಡೋಕೆ ಮೊದಲು ಮ್ಯಾನೇಜರ್ ಹತ್ತಿರ ಅದನ್ನ ಮಾತಾಡು.

ಆಕೆ: ಕನ್ನಡ ಸಂಘ ದೂರ ಆಗುತ್ತಲ್ಲ, ಅತ್ತೆಗೆ?

ಮಾವ: ಭಾನುವಾರ ನಾನು ಕರ್ಕೊಂಡು ಹೋಗ್ತೀನಿ. ದಿನದ ಮಾತಿಗೆ ಸಂಘ ಆಗಲ್ಲ, ನೆರೆಹೊರೆ ಬೇಕು. ಅದನ್ನ ನೋಡೋಕೆ ಒಂದು ಉಪಾಯ ಹೇಳ್ತೀನಿ. ಎಲ್ಲರೂ ಮನೆ ನೋಡೋಕೆ ಭಾನುವಾರ ಬೆಳಗ್ಗೆ ಹೋಗ್ತಾರೆ. ಅದು ವಧುಪರೀಕ್ಷೆ ಇದ್ದ ಹಾಗೆ, ಎಲ್ಲ ಚೆನ್ನಾಗೇ ಕಾಣುತ್ತೆ. ನೀನು ಬುಧವಾರ ಸಂಜೆ ಆರಕ್ಕೆ ಹೋಗು. ಕೆಳಗೆ ಮಕ್ಕಳು ಆಡ್ತಿದ್ದಾವಾ? ಹದಿಮೂರು-ಹದಿನಾಲ್ಕರ ಹುಡುಗಿಯರು ಇದ್ದಾರಾ, ಬರೀ ಚಿಕ್ಕ ಹುಡುಗರಾ? ಬೆಂಚಿನ ಮೇಲೆ ಅಜ್ಜಿಯರು ಕೂತಿದ್ದಾರಾ? ಕೂತಿದ್ರೆ ಬೀಗಿತ್ತಿಯವರಿಗೆ ಮರಾಠಿ ಒಂದು ವರ್ಷದಲ್ಲಿ ಬರುತ್ತೆ. ಎಂಟೂವರೆಗೆ ಮತ್ತೊಮ್ಮೆ ಹೋಗು, ಹೆಂಗಸರು ಒಬ್ಬೊಬ್ಬರೇ ನಡ್ಕೊಂಡು ಹಾಲು ತರ್ತಿದ್ದಾರಾ ನೋಡು. ಮನೆಗೆಲಸದ ಮಾವಶಿಯ ಹತ್ತಿರ ಎರಡು ಮಾತಾಡು. ಯಾವ ಮನೆಯಲ್ಲಿ ಗೋಡೆ ಒದ್ದೆ, ಯಾವ ಮಹಡಿಗೆ ನೀರು ಏರಲ್ಲ, ಯಾವ ಓನರ್ ಅಡ್ವಾನ್ಸ್ ಕೊಡದೆ ಸತಾಯಿಸ್ತಾನೆ, ಎಲ್ಲಾ ಅವರಿಗೆ ಗೊತ್ತು.

ಆಕೆ: ಅಂದ್ರೆ ಒಳ್ಳೇ ಏರಿಯಾ ಅಂತ ಹುಡುಕೋದೇ ಬೇಡ. ಪ್ರತಿ ಏರಿಯಾದ ಕೆಡುಕನ್ನ ಬರೆದು, ಯಾವ ಕೆಡುಕನ್ನ ನಮ್ಮ ಮನೆಯ ಯಾರು ಹೊರಬಹುದು ಅಂತ ನೋಡಬೇಕು. ಹಳೇ ಲಿಫ್ಟನ್ನ ನಾವೆಲ್ಲ ಹೊರಬಹುದು. ಬೆಳಗ್ಗೆ ಬೇಗ ಹೊರಡೋದನ್ನ ನಾನು ಹೊರಬಹುದು. ಸಂಜೆಯ ಕುಕ್ಕರನ್ನ ಇವರು ಹೊರಬೇಕು. ಫುಟ್‌ಪಾತ್ ಇಲ್ಲದ್ದನ್ನ ಅತ್ತೆ ಹೊರೋಕಾಗಲ್ಲ, ಕೆಟ್ಟ ನೀರನ್ನ ಯಾರೂ ಹೊರೋಕಾಗಲ್ಲ.

ಮಾವ: ಅಷ್ಟೇ. ಅದಕ್ಕೇ ನೀನು ಕೇಳಿದ ಕೂಡ್ಲೇ ಹೆಸರು ಹೇಳಲಿಲ್ಲ. ಆದ್ರೂ ನನ್ನ ಓಟು ಕೋಥ್ರೂಡಿಗೇ.

ಆಕೆ: ನನ್ನದು ಔಂಧ್‌ಗೆ. ಅತ್ತೆ ಬಂದು ನಡೆದು ನೋಡಿದ ಮೇಲೆ ಮೂರನೇ ಓಟು. ಇವತ್ತೇ ಬ್ರೋಕರಿಗೆ ಫೋನ್ ಮಾಡ್ತೀನಿ.

ಮಾವ: ನಿಲ್ಲು. ಎಲ್ಲರೂ ಅಲ್ಲೇ ತಪ್ಪೋದು. ಮೊದಲು ಮನೆ, ಆಮೇಲೆ ಶಾಲೆ, ಕೊನೆಗೆ ನೀರು. ನೀನು ತಿರುಗಿಸು. ನಾಳೆ ಬೆಳಗ್ಗೆ ಶಾಲೆಗಳಿಗೆ ಫೋನ್ ಮಾಡಿ ಒಂಬತ್ತನೇ ಕ್ಲಾಸಿನ ಸೀಟು ಎಲ್ಲಿದೆ ತಿಳ್ಕೋ. ಸೀಟು ಸಿಕ್ಕ ಶಾಲೆಯ ಸುತ್ತ ನಡೆದು ಹೋಗೋವಷ್ಟು ದೂರದೊಳಗೆ ಮೂರು ಸೊಸೈಟಿ ಗುರುತು ಹಾಕು. ಮೂರರ ಮೇ ತಿಂಗಳ ಬಿಲ್ ತರಿಸು. ಆ ಮೂರರಲ್ಲಿ ಉಳಿದದ್ದಕ್ಕೆ ಬ್ರೋಕರ್. ನಂಬರು ನನ್ನ ಹತ್ತಿರವೂ ಇದೆ, ಸೀಟಿನ ರಸೀದಿ ತೋರಿಸಿದ ಮೇಲೆ ಕೊಡ್ತೀನಿ.